ತಂಬೂರಿ ಎಲ್ಲಿ ಹೋಯಿತು? – ಪ್ರಿಆಂಪ್‌ನ ಕಂಡೆನ್ಸರ್ ಬದಲಿಸಿದ ಕಥೆ

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಟೇಪ್ ಸೆಟ್ ಇದೆ. ಅದರ ಪ್ರಿಆಂಪ್ಲಿಫೈಯರ್ ಕಂಪನಿಯದಲ್ಲ, ನಿಪ್ಪಾಣಿಯಲ್ಲಿ ಕೈಯಿಂದ ಜೋಡಿಸಿದ್ದು. ಹೋದ ರಜೆಯಲ್ಲಿ ಅಜ್ಜ ಭೀಮಸೇನ ಜೋಶಿಯವರ ಕ್ಯಾಸೆಟ್ ಹಾಕಿ ಸ್ವಲ್ಪ ಹೊತ್ತು ಕೇಳಿ, "ಹಾಡು ಕೇಳಸ್ತೈತಿ, ತಂಬೂರಿ ಎಲ್ಲಿ ಹೋತು?" ಎಂದರು. ರಿಪೇರಿ ಅಂಗಡಿಯವರು ಮುಚ್ಚಳ ಸಹ ತೆಗೆಯದೆ "ಗುಜರಿಗೆ ಹಾಕ್ರಿ" ಎಂದರು. ಅಜ್ಜ ಏನೂ ಹೇಳಲಿಲ್ಲ. ಆದರೆ ಆಮೇಲೆ ಟೇಪ್ ಹಾಕುವುದನ್ನೇ ಬಿಟ್ಟರು. ಹಾಗಾಗಿ ಮುಚ್ಚಳ ನಾನೇ ತೆಗೆದೆ.

ಟೇಪ್ ಹೆಡ್‌ನಿಂದ ಬರುವ ಸಂಕೇತ ಬಹಳ ಸಣ್ಣದು. ಅದನ್ನು ಮುಖ್ಯ ಆಂಪ್ಲಿಫೈಯರ್‌ಗೆ ಸಾಕಾಗುವಷ್ಟು ದೊಡ್ಡದು ಮಾಡುವುದು ಪ್ರಿಆಂಪ್‌ನ ಕೆಲಸ. ಒಳಗೆ ಟ್ರಾನ್ಸಿಸ್ಟರಿನ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಹಾಡು ಮಾತ್ರ ದಾಟಬೇಕು, ಡಿಸಿ ವೋಲ್ಟೇಜ್ ದಾಟಬಾರದು. ನಡುವೆ ಕಾವಲು ನಿಂತಿರುವುದು ಕೆಪ್ಯಾಸಿಟರ್. ಅಂಗಡಿಯಲ್ಲಿ ಇದನ್ನು ಎಲ್ಲರೂ ಕಂಡೆನ್ಸರ್ ಅನ್ನುತ್ತಾರೆ, ಫ್ಯಾನಿನ ಕಂಡೆನ್ಸರಿನ ಹಾಗೆಯೇ.

ನಮ್ಮ ಸೆಟ್ಟಿನಲ್ಲಿ ಈ ಜಾಗದಲ್ಲಿದ್ದದ್ದು 1 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್. ಇದರ ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆ ಮತ್ತು ದ್ರಾವಣದಲ್ಲಿ ನೆನೆಸಿದ ಕಾಗದ ಸುತ್ತಿರುತ್ತದೆ. ವರ್ಷಗಳು ಕಳೆದಂತೆ ಆ ದ್ರಾವಣ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚು ಕಡಿಮೆ ಅರ್ಧವಾಗುತ್ತದೆ ಎಂಬುದು ರೂಢಿಯ ಲೆಕ್ಕ. ಅಥಣಿ, ರಾಯಬಾಗ ಕಡೆಯ ಬೇಸಿಗೆ, ಅದರ ಮೇಲೆ ಸೆಟ್ಟಿನದೇ ಶಾಖ: ಪಾಪ, ಎಷ್ಟು ದಿನ ತಾಳೀತು? ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ತೋರಿಸಿದ್ದು 0.05 ಮೈಕ್ರೋಫ್ಯಾರಡ್. ನೂರರಲ್ಲಿ ಐದು ಪಾಲು!

ಇನ್ನು ಪಿಯುಸಿ ಲೆಕ್ಕ. ಕೆಪ್ಯಾಸಿಟರಿನ ಪ್ರತಿರೋಧ ಕಡಿಮೆ ಆವರ್ತನದಲ್ಲಿ ಹೆಚ್ಚು ಎಂದು ಎಸಿ ಪಾಠದಲ್ಲಿ ಓದಿದ್ದೇವೆ. ಎರಡು ಪೈ, ಮುಂದಿನ ಹಂತದ ಪ್ರತಿರೋಧ, ಕೆಪ್ಯಾಸಿಟನ್ಸ್ ಮೂರನ್ನೂ ಗುಣಿಸಿ, 1ನ್ನು ಅದರಿಂದ ಭಾಗಿಸಿದರೆ ಒಂದು ಆವರ್ತನ ಸಿಗುತ್ತದೆ. ಅದಕ್ಕಿಂತ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ನಮ್ಮಲ್ಲಿ ಪ್ರತಿರೋಧ 10 ಕಿಲೋ ಓಮ್. ಕಂಡೆನ್ಸರ್ 1 ಮೈಕ್ರೋಫ್ಯಾರಡ್ ಇದ್ದಾಗ ಉತ್ತರ 16 ಹರ್ಟ್ಜ್. ಮನುಷ್ಯನ ಕಿವಿಯೇ 20ರಿಂದ ಶುರು, ಹಾಗಾಗಿ ಏನೂ ಕಳೆಯುವುದಿಲ್ಲ. ಆದರೆ 0.05 ಆದಾಗ 318 ಹರ್ಟ್ಜ್!

ಗಂಡು ದನಿಗೆ ಶ್ರುತಿ ಮಾಡಿದ ತಂಬೂರಿಯ ಖರಜ ತಂತಿ ಸುಮಾರು 70 ಹರ್ಟ್ಜ್ ಆಸುಪಾಸಿನಲ್ಲಿ ನುಡಿಯುತ್ತದೆ. ಅದರಲ್ಲಿ ಐದನೇ ಒಂದು ಪಾಲು ಮಾತ್ರ ದಾಟುತ್ತಿತ್ತು. ಮೇಲಿನ ಜವಾರಿ ಸಣ್ಣಗೆ ಉಳಿದಿತ್ತು (ನಮ್ಮ ಜವಾರಿ ಕೋಳಿಯಲ್ಲ, ತಂತಿ ಕುದುರೆಯನ್ನು ಸವರುವಾಗ ಏಳುವ ಝೇಂಕಾರ). ಕೆಳಗಿನ ಮೈ ಹೋಗಿತ್ತು. ಕಾಗವಾಡ ದಾಟಿದರೆ ಸಿಗುವ ಮಿರಜಿನಲ್ಲಿ ತಂಬೂರಿ, ಸಿತಾರ್ ಮಾಡುವ ಮನೆತನಗಳಿವೆ. ಅಷ್ಟು ದೊಡ್ಡ ಕುಂಬಳಕಾಯಿ ಬುರುಡೆ ಹುಡುಕಿ ಕೂರಿಸುವುದು ಆ ಮೈಗಾಗಿಯೇ. ಇಲ್ಲಿ ಒಣಗಿದ ಒಂದು ಕಂಡೆನ್ಸರ್ ಅದನ್ನು ನುಂಗಿತ್ತು.

ಅದೇ 1 ಮೈಕ್ರೋಫ್ಯಾರಡ್‌ನ ಪಾಲಿಯೆಸ್ಟರ್ ಫಿಲ್ಮ್ ಕಂಡೆನ್ಸರ್ ಹಾಕಿದೆ. ಬೆಲೆ ಹತ್ತು ರೂಪಾಯಿ ಸಹ ಇಲ್ಲ. ಫಿಲ್ಮ್‌ನಲ್ಲಿ ಆರಿಹೋಗುವ ದ್ರಾವಣವಿಲ್ಲ, ಪ್ಲಸ್ ಮೈನಸ್ ಕಾಟವೂ ಇಲ್ಲ. ದೊಡ್ಡದು ಹಾಕಿದರೆ ಇನ್ನೂ ಚೆನ್ನ ಎಂದುಕೊಳ್ಳಬೇಡಿ. 10 ಹಾಕಿದರೆ 1.6 ಹರ್ಟ್ಜ್‌ವರೆಗೆ ಇಳಿಯುತ್ತದೆ, ಅದನ್ನು ಯಾರೂ ಕೇಳಲಾರರು. ಸೆಟ್ ಚಾಲೂ ಮಾಡಿದಾಗ 'ಧಡ್' ಎಂಬ ಸದ್ದು ಹೆಚ್ಚಾದೀತು, ಅಷ್ಟೇ. ಗುಂಯ್ ಎನ್ನುವ 100 ಹರ್ಟ್ಜ್ ಸದ್ದು ಇದ್ದರೆ ಮಾತ್ರ ಪವರ್ ಸಪ್ಲೈನ ದೊಡ್ಡ ಎಲೆಕ್ಟ್ರೋಲಿಟಿಕ್ ನೋಡಿ. ಅಲ್ಲಿ ಪಟ್ಟಿ ಇರುವ ಬದಿ ಮೈನಸ್. ಉಲ್ಟಾ ಹಾಕಿದರೆ ಸಿಡಿಯಬಹುದು. ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಇರುತ್ತದೆ. ಒಂದು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಿಂದ ನೋಡಿಯೇ ಕೈ ಹಾಕಿ. ವಾಲ್ವ್ ಸೆಟ್ ಆದರೆ ಒಳಗೆ ನೂರಾರು ವೋಲ್ಟ್ ಇರುತ್ತದೆ. ಅದನ್ನು ಬಲ್ಲವರಿಗೇ ಬಿಡಿ.

ನನ್ನ ಮೂರ್ಖತನವನ್ನೂ ಹೇಳಿಬಿಡುತ್ತೇನೆ. ತಂಬೂರಿ ಬಂತಲ್ಲ, ಇನ್ನೂ ಚೆನ್ನಾಗಿ ಬರಲಿ ಎಂಬ ಆಸೆಗೆ 'ಆಡಿಯೋ ಗ್ರೇಡ್' ಎಂಬ ಪಾಲಿಪ್ರೊಪಿಲೀನ್ ಕಂಡೆನ್ಸರ್ ತರಿಸಿದೆ. ಬೆಲೆ ಮೊದಲನೆಯದರ ಅರವತ್ತು ಪಟ್ಟು. ಹಾಕಿದ ದಿನ ಸ್ವರ್ಗವೇ ಇಳಿದಂತೆ ಕೇಳಿಸಿತು! ಮರುದಿನ ಅನುಮಾನ ಬಂತು. ಎರಡನ್ನೂ ಒಂದು ಸ್ವಿಚ್ಚಿಗೆ ಕಟ್ಟಿ ಅಜ್ಜನನ್ನು ಆ ಕಡೆ ತಿರುಗಿ ಕೂಡಿಸಿದೆ. ನಾಣ್ಯ ಚಿಮ್ಮಿ ಬಂದಂತೆ ಸ್ವಿಚ್ ಹಾಕಿ ಹತ್ತು ಸಲ ಕೇಳಿಸಿದೆ. ಆರು ಸಲ ಸರಿಯಾಗಿ ಹೇಳಿದರು. ನನಗೆ ಖುಷಿಯೋ ಖುಷಿ. ಆಮೇಲೆ ಲೆಕ್ಕ ಹಾಕಿದೆ: ಏನೂ ಕೇಳದೆ ಬರೀ ಊಹಿಸಿದರೂ ಹತ್ತರಲ್ಲಿ ಆರು ಅಥವಾ ಹೆಚ್ಚು ಸರಿಯಾಗುವ ಸಂಭವನೀಯತೆ 1024ರಲ್ಲಿ 386, ಅಂದರೆ ಶೇಕಡಾ 38ರ ಹತ್ತಿರ. ಇಷ್ಟನ್ನೇ ನಂಬಿ ಅರವತ್ತು ಪಟ್ಟು ದುಡ್ಡು ಕೊಡಲು ಬರುವುದಿಲ್ಲ. ಅಜ್ಜನಂತೂ ಮೊದಲೇ ಬೇಸತ್ತಿದ್ದರು: "ತಂಬೂರಿ ಬಂತಲ್ಲ, ಇನ್ನ ಹಾಡು ಕೇಳಾಕ ಬಿಡು."

ದುಬಾರಿ ಕಂಡೆನ್ಸರ್ ಈಗ ಡಬ್ಬಿಯಲ್ಲಿದೆ. ಒಣಗಿದ ಹಳೆಯದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿದೆ. ಅಳೆದು ನೋಡಬೇಕೆನ್ನುವವರು ನೋಡಬಹುದು, ಶಾಕ್ ಹೊಡೆಯುವಷ್ಟು ಜೀವ ಅದರಲ್ಲಿ ಉಳಿದಿಲ್ಲ.