ಕುಂಯ್ ಅಂದದ್ದೆಲ್ಲ ಕೊಪ್ಪರಿಗೆಯಲ್ಲ!
ವಳ್ಳೂರಿನಲ್ಲೊಂದು ಮಿಷನ್, ಅದರ ಸುತ್ತ ನೂರೆಂಟು ಆಸೆ

(ನಮ್ಮ ವರದಿಗಾರರಿಂದ)

ವಳ್ಳೂರು: ಪಾವಗಡ ತಾಲ್ಲೂಕಿನ ಈ ಊರಿನ ಹೆಸರು ಹೊರಗಿನವರಿಗೆ ಗೊತ್ತಾದದ್ದು ಬಿಸಿಲಿನಿಂದ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ವಳ್ಳೂರು ಈ ಐದು ಊರುಗಳ ಸುಮಾರು 13 ಸಾವಿರ ಎಕರೆ ನೆಲದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಎದ್ದಿದೆ. 2018ರಲ್ಲಿ ಉದ್ಘಾಟನೆಯಾಯಿತು. ನೆಲದ ಮೇಲೆ ಬಿಸಿಲು ಬೆಳೆಯುವ ಈ ಸೀಮೆಯಲ್ಲಿ ಈಗ ನೆಲದ ಒಳಗಿನದ್ದರ ಮೇಲೆ ಕೆಲವರ ಕಣ್ಣು ಬಿದ್ದಿದೆ.

ಊರಿನ ಹುಡುಗನೊಬ್ಬ ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದ್ದಾನೆ. ಉದ್ದ ಕೋಲು, ತುದಿಯಲ್ಲೊಂದು ತಟ್ಟೆ, ಕಿವಿಗೆ ಹಾಕಿಕೊಳ್ಳೋ ಹೆಡ್‌ಫೋನು. ಮೊದಲ ದಿನ ಇಡೀ ಬೆಳಿಗ್ಗೆ ತಿರುಗಿ ಅವನು ತಂದ ಆಸ್ತಿ ಇಷ್ಟು: ಎತ್ತಿನ ಲಾಳ ಎರಡು, ತುಕ್ಕು ಹಿಡಿದ ಮೊಳೆ ಒಂದು ಹಿಡಿ, ಸೋಡಾ ಮುಚ್ಚಳ ನಾಲ್ಕು, ನೇಗಿಲಿನ ಮುರಿದ ತುಂಡು ಒಂದು. ಟೀ ಅಂಗಡಿ ಮುಂದೆ ಇದ್ದವರೆಲ್ಲ ನಕ್ಕರು.

ನಗು ಮುಗಿದ ಮೇಲೆ ಮಾತು ಬೇರೆ ಕಡೆ ತಿರುಗಿತು. "ಇಲ್ಲಿ ಏನೈತೆ ಮಣ್ಣು! ನಿಡಗಲ್ಲು ಬೆಟ್ಟಕ್ಕೆ ತಗೊಂಡ್ ಹೋಗಪ್ಪ, ಅಲ್ಲಿ ರಾಜರ ಕಾಲದ್ದೈತೆ" ಅಂದರು ಒಬ್ಬರು. ಇನ್ನೊಬ್ಬರಿಗೆ ಜಾಗ ತೋರಿಸುವ ಸ್ವಾಮಿಯೊಬ್ಬರ ಪರಿಚಯವೂ ಇತ್ತು. ಹುಡುಗ ನನ್ನ ಕಡೆ ನೋಡಿ, "ಸಾರ್, ನೀವು ಪೇಪರಿನೋರು, ಹೇಳಿ. ಹೋಗಬೌದಾ?" ಅಂದ. ಅಂಗಡಿಯಲ್ಲಿ ಕೊಟ್ಟ ಉತ್ತರ ಅರ್ಧ. ಉಳಿದರ್ಧ ಇಲ್ಲಿದೆ.

ಮಿಷನ್ ಏನು ಮಾಡುತ್ತೆ?

ತಟ್ಟೆಯೊಳಗೆ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟು ಹರಿದರೆ ಸುತ್ತ ಕಾಂತಕ್ಷೇತ್ರ ಏಳುತ್ತೆ. ಮಣ್ಣಲ್ಲಿ ಲೋಹ ಇದ್ದರೆ ಅದರೊಳಗೂ ಸಣ್ಣ ಕರೆಂಟು ಹುಟ್ಟಿ ಆ ಕ್ಷೇತ್ರವನ್ನು ಕದಡುತ್ತೆ. ಆಗ ಮಿಷನ್ ಕುಂಯ್ ಅನ್ನುತ್ತೆ. ಅಷ್ಟೇ. 'ಇಲ್ಲೇನೋ ಲೋಹ ಇದೆ' ಅಂತ ಹೇಳೀತು, 'ಇದು ಚಿನ್ನ' ಅಂತ ಖಾತ್ರಿ ಕೊಡಲಾರದು. ಕೆಲವು ಮಿಷನ್‌ಗಳಲ್ಲಿ ನಂಬರು ಬರುತ್ತೆ. ಅದೂ ಅಂದಾಜೇ. ಅಲ್ಯೂಮಿನಿಯಂ ಚೂರೂ ಚಿನ್ನದ ಉಂಗುರವೂ ಎಷ್ಟೋ ಸಲ ಒಂದೇ ದನಿಯಲ್ಲಿ ಕೂಗುತ್ತವೆ.

ಸಾಧಾರಣ ಮಿಷನ್ ನಾಣ್ಯದಷ್ಟು ವಸ್ತುವನ್ನು ಗೇಣುದ್ದದ ಆಳದವರೆಗೆ ಹಿಡಿದರೆ ದೊಡ್ಡದು. 'ಇಪ್ಪತ್ತಡಿ ಕೆಳಗಿನ ಕೊಪ್ಪರಿಗೆ ತೋರಿಸುತ್ತೆ' ಅಂತ ಯಾರಾದರೂ ಮಾರಲು ಬಂದರೆ ಜೇಬು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಬ್ಬಿಣದಂಶ ಹೆಚ್ಚಿರುವ ಕೆಂಪು ಮಣ್ಣು ಸುಮ್ಮಸುಮ್ಮನೆ ಕೂಗಿಸುತ್ತೆ. ಕೇಬಲ್ಲು, ಕರೆಂಟ್ ತಂತಿ, ಕಬ್ಬಿಣದ ಬೇಲಿ ಹತ್ತಿರ ಹೋದರಂತೂ ಮಿಷನ್‌ಗೆ ತಲೆ ಕೆಟ್ಟಂತೆ.

ದೊಡ್ಡವರೇ ಇದರಲ್ಲಿ ಎಡವಿದ್ದಾರೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ಟೆಲಿಫೋನು ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಯಂತ್ರ ಮಾಡಿ ಮೈಯೊಳಗಿನ ಗುಂಡು ಹುಡುಕಲು ಹೋದರು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಕಾಟ ಕೊಟ್ಟವು ಅಂತಾರೆ. ಅಧ್ಯಕ್ಷರು ಉಳಿಯಲಿಲ್ಲ.

ಹೊಸಬರಿಗೆ ನಾಲ್ಕು ಮಾತು

ಹವ್ಯಾಸವಾಗಿ ಇದು ಕೆಟ್ಟದ್ದಲ್ಲ. ಮೊದಲು ನಿಮ್ಮ ಹಿತ್ತಿಲಲ್ಲೇ ಒಂದು ನಾಣ್ಯ, ಒಂದು ಮೊಳೆ, ಒಂದು ಮುಚ್ಚಳ ಹೂತು ದನಿ ಗುರುತು ಮಾಡಿಕೊಳ್ಳಿ. ತಟ್ಟೆಯನ್ನು ನೆಲಕ್ಕೆ ಸಮವಾಗಿ, ನಿಧಾನವಾಗಿ ಆಡಿಸಿ. ಬೇರೆಯವರ ಹೊಲವಾದರೆ ಯಜಮಾನರನ್ನು ಕೇಳಿಯೇ ಕಾಲಿಡಿ. ತೋಡಿದ ಗುಂಡಿ ಮುಚ್ಚಿ, ಇಲ್ಲವಾದರೆ ದನದ ಕಾಲು ಮುರಿದೀತು. ಸಿಕ್ಕ ಮೊಳೆ, ತಂತಿ ಅಲ್ಲೇ ಎಸೆಯದೆ ಗುಜರಿಗೆ ಹಾಕಿ. ಹೊಲವಾದರೂ ಹಸನಾಗುತ್ತೆ.

ಕೋಟೆ, ಗುಡಿ, ವೀರಗಲ್ಲು, ಗೋರಿ, ಹಾಳೂರು ಇವುಗಳ ಹತ್ತಿರ ಮಾತ್ರ ಮಿಷನ್ ಹಿಡಿದು ಸುಳಿಯಬೇಡಿ.

ಕಾನೂನು ಏನನ್ನುತ್ತೆ?

ಮಧುಗಿರಿ ಕೋಟೆ, ಶಿರಾದ ಮಲಿಕ್ ರಿಹಾನ್ ದರ್ಗಾ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕ ಹಾಳುಗೆಡವಿದವರಿಗೆ 1958ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತವೆ. ಲೈಸೆನ್ಸಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ.

ನಿಧಿಯ ಬಗ್ಗೆ 1878ರಲ್ಲೇ ಬ್ರಿಟಿಷರು ಕಾಯ್ದೆ ಮಾಡಿದರು. ನಮ್ಮ ರಾಜ್ಯಕ್ಕೆ 1962ರದ್ದು ಬೇರೆ ಇದೆ. ತಿರುಳು ಒಂದೇ: ನೆಲದಲ್ಲಿ ಹೂತಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಮಡಕೆ ಸಿಕ್ಕರೆ ಕೈಯಾಡಿಸದೆ ತಹಸೀಲ್ದಾರರಿಗೆ ಅಥವಾ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿ, ರಸೀದಿ ಇಟ್ಟುಕೊಳ್ಳಿ.

ತಿಳಿಸಿದರೆ ಏನು ಲಾಭ ಅಂತೀರಾ? ಕೇಳಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆವಾಗ ಮಡಕೆಯೊಂದರಲ್ಲಿ ರೋಮನ್ನರ 163 ಬೆಳ್ಳಿ ನಾಣ್ಯ ಸಿಕ್ಕವು. ಅದನ್ನು ಯಾರೋ ಅಂದೇ ಕರಗಿಸಿದ್ದರೆ ಒಂದು ಗಟ್ಟಿ ಬೆಳ್ಳಿ ಆಗುತ್ತಿತ್ತು. ಉಳಿದದ್ದರಿಂದ, ಎರಡು ಸಾವಿರ ವರ್ಷದ ಹಿಂದೆ ನಮ್ಮ ಸೀಮೆಗೆ ರೋಮಿನ ದುಡ್ಡು ಬಂದಿತ್ತು ಅನ್ನೋದು ಜಗತ್ತಿಗೆ ತಿಳಿಯಿತು.

ಇಂಗ್ಲೆಂಡಿನ ಹಾಕ್ಸ್‌ನೆ ಹಳ್ಳಿಯ ಕತೆ ಇನ್ನೂ ಸೊಗಸು. 1992ರ ನವೆಂಬರಿನಲ್ಲಿ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆಯಿತು. ಗೆಳೆಯ ಎರಿಕ್ ಲಾಸ್ ಮಿಷನ್ ಹಿಡಿದು ಹುಡುಕುತ್ತಿದ್ದಾಗ ರೋಮನ್ ಕಾಲದ ಚಿನ್ನ, ಬೆಳ್ಳಿ ಸಿಕ್ಕಿತು. ಆತ ಎಲ್ಲವನ್ನೂ ಕಿತ್ತು ತೆಗೆಯದೆ ವಿಷಯ ತಿಳಿಸಿದ. ಪುರಾತತ್ವದವರು ಬಂದು ಜೋಪಾನವಾಗಿ ತೆಗೆದರು. ಸುಮಾರು 15 ಸಾವಿರ ನಾಣ್ಯ! ಹದಿನೇಳೂವರೆ ಲಕ್ಷ ಪೌಂಡು ಬಹುಮಾನ ಬಂತು. ಸುತ್ತಿಗೆಯೂ ಸಿಕ್ಕಿತು, ಅದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಸ್ವಾಮಿ ತೋರಿಸುವ ಜಾಗ

ನಮ್ಮಲ್ಲಿ ನಡೆಯೋದು ಬೇರೆ. 2013ರಲ್ಲಿ ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯಲ್ಲಿ ಸಾಧುವೊಬ್ಬರ ಕನಸಿಗೆ ಸಾವಿರ ಟನ್ ಚಿನ್ನ ಬಿತ್ತು. ಪುರಾತತ್ವ ಇಲಾಖೆಯೇ ಅಗೆಯಿತು. ಚಿನ್ನ ಬರಲಿಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ನಿಧಿಗಳ್ಳರು ವ್ಯಾಸರಾಜರ ವೃಂದಾವನವನ್ನೇ ಒಡೆದರು.

ನಮ್ಮ ಜಿಲ್ಲೆಯದೇ ಕೇಳಿ. 2024ರ ಮಾರ್ಚಿನಲ್ಲಿ ತುಮಕೂರಿನ ಕುಚ್ಚಂಗಿ ಕೆರೆಯಲ್ಲಿ ಸುಟ್ಟ ಕಾರಿನೊಳಗೆ ಬೆಳ್ತಂಗಡಿ ಕಡೆಯ ಮೂವರ ಶವ ಸಿಕ್ಕವು. ನಿಧಿಯ ಚಿನ್ನ ಅಗ್ಗಕ್ಕೆ ಕೊಡಿಸುವ ಆಸೆ ತೋರಿಸಿ ಕರೆಸಿದ್ದರು ಎಂದು ಪೊಲೀಸ್ ತನಿಖೆ ಹೇಳಿತು. ಮನೆಯಲ್ಲಿ ಕಾದು ಕೂತವರ ಗತಿ ಏನಾಗಿರಬೇಡ? 'ನಿಧಿ ಸಿಕ್ಕಿದೆ, ಗುಟ್ಟಾಗಿ ಬನ್ನಿ' ಅಂತ ಯಾರೇ ಫೋನ್ ಮಾಡಿದರೂ ಅದು ನಿಮ್ಮ ಕತ್ತಿಗೆ ಬರುವ ಮಾತು ಎಂದೇ ತಿಳಿಯಿರಿ.

ಕೊನೆಗೆ ಸಿಕ್ಕ ಚಿನ್ನ

ಮತ್ತೆ ವಳ್ಳೂರಿಗೆ ಬರೋಣ. ಹುಡುಗ ಬೆಟ್ಟಕ್ಕೆ ಹೋಗಲಿಲ್ಲ. ವಾರದ ಮೇಲೆ ಪಕ್ಕದ ಮನೆಯಾಕೆ ಅವನನ್ನು ಹುಡುಕಿಕೊಂಡು ಬಂದರು. ಕಡ್ಲೆಕಾಯಿ ಬಿಡಿಸುವಾಗ ತಾಳಿಯ ದಾರ ಕಿತ್ತು ಒಂದು ಬೊಟ್ಟು ಮಣ್ಣಿಗೆ ಬಿದ್ದಿತ್ತು. ಎರಡು ದಿನ ಜರಡಿ ಹಿಡಿದರೂ ಸಿಕ್ಕಿರಲಿಲ್ಲ. ಮನೆಯಲ್ಲಿ ಅತ್ತೆಗೆ ಹೇಳಲೂ ಭಯ.

ಹುಡುಗ ಹೊಲಕ್ಕೆ ಹಗ್ಗ ಹಿಡಿದು ಪಟ್ಟೆ ಮಾಡಿಕೊಂಡು ಒಂದೊಂದೇ ಸಾಲು ನೋಡಿದ. ಮೂರು ಮೊಳೆ, ಒಂದು ಬೀಗದ ಕೈ ಆದಮೇಲೆ ಸಣ್ಣದೊಂದು ದನಿ. ಎರಡು ಬೆರಳು ಮಣ್ಣು ಸರಿಸಿದರೆ ಬೊಟ್ಟು! "ಅಕ್ಕಾ, ಇದೇನಾ ನೋಡಿ" ಅಂದ. ಆಕೆ ಬೊಟ್ಟನ್ನು ಕಣ್ಣಿಗೊತ್ತಿಕೊಂಡು, "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಅಂತ ಅಲ್ಲೇ ಅತ್ತುಬಿಟ್ಟರು. ಈಗ ಸುತ್ತಲ ಊರಿನವರೂ ಉಂಗುರ, ಕಾಲುಂಗುರ ಕಳೆದಾಗ ಅವನನ್ನು ಕರೆಯುತ್ತಾರೆ. ಟೀ ಅಂಗಡಿಯಲ್ಲಿ ನಗುವವರು ಕಡಿಮೆಯಾಗಿದ್ದಾರೆ.

ಇನ್ನು ಅಧಿಕಾರಿಗಳಿಗೆ ಒಂದು ಅರಿಕೆ. ನಿಧಿ ಸಿಕ್ಕರೆ ಯಾರಿಗೆ ಹೇಳಬೇಕು, ಹೇಳಿದವರಿಗೆ ಏನು ಸಿಗುತ್ತೆ ಅಂತ ಒಂದು ಬೋರ್ಡು ಪ್ರತಿ ಪಂಚಾಯ್ತಿ ಆಫೀಸಿನ ಮುಂದೆ ಹಾಕಿಸಿದರೆ ದೊಡ್ಡ ಖರ್ಚೇನೂ ಇಲ್ಲ. ಜನ ಮುಚ್ಚಿಡೋದು ಎಷ್ಟೋ ಸಲ ಆಸೆಯಿಂದಲ್ಲ, ಭಯದಿಂದ. ಸಂಬಂಧಪಟ್ಟವರು ಗಮನಿಸುವರೇ?