ರಕ್ತನಿಧಿಯಲ್ಲಿ ಬೇಡಿಕೆಯ ಮುನ್ನಂದಾಜು

1937ರಲ್ಲಿ ಷಿಕಾಗೋ ನಗರದ ಕುಕ್ ಕೌಂಟಿ ಆಸ್ಪತ್ರೆಯ ವೈದ್ಯ ಬರ್ನಾರ್ಡ್ ಫ್ಯಾಂಟಸ್ ತಮ್ಮ ರಕ್ತಸಂಗ್ರಹಕ್ಕೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟರು. ಹೋಲಿಕೆಯೇನೋ ಸೊಗಸಾದುದೇ, ಆದರೆ ಬ್ಯಾಂಕಿನಲ್ಲಿಟ್ಟ ಹಣ ಬೆಳೆಯುವುದು, ರಕ್ತವಾದರೋ ಕೆಡುವುದು. ಇಂದಿನ ಸಂರಕ್ಷಕ ದ್ರವಗಳಲ್ಲಿ ಕೆಂಪು ಕಣಗಳು 35ರಿಂದ 42 ದಿನ ಉಳಿದರೆ, ಪ್ಲೇಟ್‌ಲೆಟ್‌ಗಳ ಆಯುಷ್ಯ ಸಾಮಾನ್ಯವಾಗಿ 5 ದಿನ. ಆದುದರಿಂದ ಸಂಗ್ರಹ ಹೆಚ್ಚಾದರೆ ದಾನಿಯ ಕೊಡುಗೆ ವ್ಯರ್ಥ. ಕಡಮೆಯಾದರೆ ರೋಗಿಯ ಪ್ರಾಣಕ್ಕೇ ಕುತ್ತು.

ಇವೆರಡರ ನಡುವಣ ದಾರಿಯನ್ನು ಅರಸುವುದೇ ಗಣಿತಮಾದರಿಗಳ ಕೆಲಸ. ಹಿಂದಿನ ಲೆಕ್ಕಗಳಲ್ಲಿ ವಾರ, ಋತು, ರಜೆಗಳಿಗನುಗುಣವಾದ ಏರಿಳಿತಗಳನ್ನು ರಕ್ತದ ಗುಂಪುವಾರು ಗುರುತಿಸಿ ಅವು ಮುಂದಿನ ಬೇಡಿಕೆಯನ್ನು ಅಂದಾಜು ಮಾಡುತ್ತವೆ. ಆದರೆ ಕೊಟ್ಟ ರಕ್ತಕ್ಕೆ ಲೆಕ್ಕವುಂಟು. ದೊರೆಯದೆ ಹಿಂದಿರುಗಿದವರ ಲೆಕ್ಕ ಅನೇಕ ವೇಳೆ ಇರದು. ಅದನ್ನು ಬಿಟ್ಟು ಎಣಿಸಿದ ಮಾದರಿ ಹಳೆಯ ಕೊರತೆಯನ್ನೇ ನಾಳೆಯ ಅಗತ್ಯವೆಂದು ಭ್ರಮಿಸುವುದು. ದಾಖಲೆಯ ಮೌನವನ್ನು ಶೂನ್ಯವೆಂದು ಬಗೆಯಬಾರದೆಂಬ ಇತಿಹಾಸಕಾರನ ಎಚ್ಚರ ಇಲ್ಲಿಯೂ ಸಲ್ಲತಕ್ಕದ್ದು.