ಶಾಲೆಯಲ್ಲಿ ಅಸ್ಪೃಶ್ಯತೆಯ ಚರಿತ್ರೆ: ತಪ್ಪು ಕಲ್ಪನೆ ಮತ್ತು ಸತ್ಯ

ತಪ್ಪು ಕಲ್ಪನೆ: ಹುಟ್ಟು ನೋಡಿ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟದ್ದು ಅಮೆರಿಕ, ದಕ್ಷಿಣ ಆಫ್ರಿಕಾಗಳ ಕಥೆ.

ಸತ್ಯ: ಕಪ್ಪು ಮಕ್ಕಳಿಗೆ ಪ್ರತ್ಯೇಕ ಶಾಲೆ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 1954ರಲ್ಲಿ. ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಧಾರವಾಡದಲ್ಲಿ ಇಂಥದೇ ಪ್ರಶ್ನೆ ಎದ್ದಿತ್ತು. ಅಲ್ಲಿನ ಸರ್ಕಾರಿ ಶಾಲೆ, ಅಸ್ಪೃಶ್ಯವೆನಿಸಿದ್ದ ಮಹಾರ್ ಜಾತಿಯ ಹುಡುಗನೊಬ್ಬನನ್ನು ಸೇರಿಸಿಕೊಳ್ಳಲಿಲ್ಲ. 1856ರ ಜೂನ್‌ನಲ್ಲಿ ಅವನ ಅರ್ಜಿ, ಆಗ ಧಾರವಾಡವನ್ನು ಆಳುತ್ತಿದ್ದ ಮುಂಬೈ ಸರ್ಕಾರದ ಮುಂದೆ ಬಂತು. ನ್ಯಾಯ ಹುಡುಗನ ಕಡೆಗಿದೆ ಎಂದು ಸರ್ಕಾರ ಒಪ್ಪಿತು. ಆದರೆ ಅವನೊಬ್ಬನನ್ನು ಸೇರಿಸಿದರೆ ಉಳಿದವರಿಗೆ ಶಾಲೆಯೇ ನಿರುಪಯೋಗವಾದೀತು ಎಂದು ಪ್ರವೇಶ ಕೊಡಿಸಲಿಲ್ಲ. ತಪ್ಪೆಂದು ಗೊತ್ತಿದ್ದೂ ಮಾಡಿದ ತಪ್ಪು ಇದು. 1858ರಲ್ಲಿ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲರಿಗೂ ಎಂದರು. ಆದೇಶ ಕಾಗದದಲ್ಲೇ ಉಳಿಯಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೂ ಮಂಗಳೂರಿನ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆಂದೇ ಶಾಲೆ ತೆರೆಯಬೇಕಾಯಿತು. ಧಾರವಾಡದ ಪ್ರಕರಣವನ್ನು ಅಂಬೇಡ್ಕರ್ ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ.

ತಪ್ಪು ಕಲ್ಪನೆ: ಸಂವಿಧಾನ ಬಂದ ಮೇಲೆ ಅಸ್ಪೃಶ್ಯತೆಯೆಲ್ಲ ಮುಗಿಯಿತು.

ಸತ್ಯ: ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು, ಅದರ ವಿರುದ್ಧ 1955ರಲ್ಲೂ 1989ರಲ್ಲೂ ಕಾಯ್ದೆಗಳು ಬಂದವು. ಆದರೂ 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಬಿಟ್ಟುಕೊಳ್ಳದೆ ಬೆಳೆದ ವೈಷಮ್ಯ 2014ರಲ್ಲಿ ಮನೆಗಳಿಗೆ ಬೆಂಕಿ ಇಡುವವರೆಗೆ ಹೋಯಿತು. ಹತ್ತು ವರ್ಷದ ಮೇಲೆ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ತಪ್ಪು ಕಲ್ಪನೆ: ಇದನ್ನೆಲ್ಲ ಶಾಲೆಯಲ್ಲಿ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ಇಲ್ಲದ ಜಾತಿಯನ್ನು ಬಿತ್ತಿದಂತೆ.

ಸತ್ಯ: ಜಾತಿ ಪಾಠದಿಂದ ಹುಟ್ಟುವುದಿಲ್ಲ. ಊರೂರಿನಿಂದ ಜನ ಬಂದು ನೆಲೆಸುವ ಶೆಟ್ಟಿಹಳ್ಳಿಯಂಥ ಬೆಂಗಳೂರಿನ ಬಡಾವಣೆಗಳ ಮಕ್ಕಳಿಗೂ, ಬಾಡಿಗೆ ಮನೆ ಹುಡುಕುವಾಗ ಕೇಳಿಬರುವ ‘ಯಾವ ಜನ?’ ಎಂಬ ಪ್ರಶ್ನೆ ಹೊಸತಲ್ಲ. ಕೆಡುಕಾಗುವುದು ಕಲಿಸುವ ರೀತಿಯಲ್ಲಿ: ದಲಿತ ಮಗುವನ್ನೇ ಎಬ್ಬಿಸಿ ಅನುಭವ ಹೇಳಿಸುವುದು ಪಾಠವಲ್ಲ, ಇನ್ನೊಂದು ಅವಮಾನ. ಧಾರವಾಡದ ಅರ್ಜಿಗೆ ಸಿಕ್ಕ ಉತ್ತರ, ಕಂಬಾಲಪಲ್ಲಿ ಮತ್ತು ಮರಕುಂಬಿಯ ತೀರ್ಪುಗಳು ಸಾರ್ವಜನಿಕ ದಾಖಲೆಗಳು; ಶಿಕ್ಷಕರು ಪಾಠ ಶುರುಮಾಡಬೇಕಾದದ್ದು ಅವುಗಳಿಂದ.